ಡಯಾಲಿಸಿಸ್ ತೂಕ: ಮನೆಯ ಮಷೀನು ಒಂದೇ ಬೆಳಗ್ಗೆ ಮೂರು ಥರ ತೋರಿಸುತ್ತಿದೆ, ಯಾವುದನ್ನು ನಂಬೋದು?

ಸಾಗರದ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಡಾಕ್ಟರು ಡ್ರೈ ವೇಟ್ (ಮೈಯಲ್ಲಿ ಹೆಚ್ಚುವರಿ ನೀರು ಇಲ್ಲದಾಗಿನ ತೂಕ) 58 ಕೆಜಿ ಅಂತ ಇಟ್ಟಿದ್ದಾರೆ. ಮಧ್ಯದ ದಿನಗಳಲ್ಲಿ ಮೈಯಲ್ಲಿ ಎಷ್ಟು ನೀರು ಸೇರಿದೆ ಅಂತ ತಿಳಿಯಲು ದಿನಾ ಬೆಳಗ್ಗೆ ಮನೆಯಲ್ಲೇ ತೂಕ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇನೆ.

ಮಷೀನು ಗಾಜಿನದು, ಡಿಜಿಟಲ್. ಬಚ್ಚಲು ಮನೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿರುತ್ತೇವೆ. ನಿನ್ನೆ ಬೆಳಗ್ಗೆ ಬಚ್ಚಲಲ್ಲಿ ನಿಂತಾಗ 59.2 ತೋರಿಸಿತು. ಯಾಕೋ ಕಡಿಮೆ ಅನಿಸಿ ಜಗಲಿಗೆ ತಂದು ನಿಲ್ಲಿಸಿದೆ, 60.7. ವಾಪಸ್ ಬಚ್ಚಲಿಗೆ ಒಯ್ದರೆ 59.6. ಇಷ್ಟರ ಮಧ್ಯೆ ಅಪ್ಪಯ್ಯ ಒಂದು ಗುಟುಕು ನೀರೂ ಕುಡಿದಿಲ್ಲ.

ಇದಕ್ಕೆ ಪೂರಾ ಉಲ್ಟಾ ಇನ್ನೊಂದಿದೆ. ಕೆಲವು ಸಲ ಶಾಲು ಹೊದ್ದು ಹತ್ತಿದರೂ ಅದೇ ಅಂಕಿ, ಶಾಲು ತೆಗೆದು ಹತ್ತಿದರೂ ಅದೇ ಅಂಕಿ. ಒಂದು ಪಾಯಿಂಟ್ ಕೂಡ ಅಲ್ಲಾಡುವುದಿಲ್ಲ.

59.2 ಅಂದರೆ ಒಂದು ಕೆಜಿ ಚಿಲ್ಲರೆ ನೀರು. 60.7 ಅಂದರೆ ಮೂರು ಕೆಜಿ ಹತ್ತಿರ. ಎರಡಕ್ಕೂ ಬಹಳ ವ್ಯತ್ಯಾಸ ಅಲ್ವಾ? ಅಪ್ಪಯ್ಯ ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಕೇಳುತ್ತಾರೆ. ಕೊಡಬೇಕೋ ಬೇಡವೋ ಅನ್ನೋದನ್ನು ಈ ಅಂಕಿ ನೋಡಿ ತೀರ್ಮಾನ ಮಾಡಬೇಕು. ಬಾಯಾರಿದವರಿಗೆ ಇಲ್ಲ ಅನ್ನೋದು ಎಷ್ಟು ಕಷ್ಟ ಅಂತ ಮನೆಯಲ್ಲಿ ಇಂಥವರು ಇರುವವರಿಗೆ ಗೊತ್ತು. ಮಷೀನ್ ಹೊಸದು ತಗೊಳ್ಳಬೇಕಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಹಾಸನ ಕಾಫಿ

ಅಕ್ಕಾ, ಮೊದಲು ಬ್ಯಾಟರಿ ಬದಲಿಸಿ ನೋಡಿ. ಇನ್ನೊಂದು, ತೂಕ ತಾನೇ ಏರಿಳಿಯುವುದೂ ಸಹಜ. ಮದುವೆ ಮನೆ ಊಟದ ಮಾರನೇ ದಿನ ನನಗೆ ಒಂದೂವರೆ ಕೆಜಿ ಜಾಸ್ತಿ ಇರುತ್ತದೆ, ಎರಡು ದಿನದಲ್ಲಿ ಇಳಿಯುತ್ತದೆ. ಅದು ಕೊಬ್ಬಲ್ಲ. ಅನ್ನ, ಸಿಹಿ ಜಾಸ್ತಿ ತಿಂದಾಗ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಳ್ಳುವ ಸಕ್ಕರೆ, ಸೇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಮೇಲಿಂದ ಉಪ್ಪಿನಕಾಯಿ, ಹಪ್ಪಳದ ಉಪ್ಪು ಬೇರೆ.

ತಕ್ಕಡಿ ರಿಪೇರಿ, ದಾವಣಗೆರೆ

ತಂಗೀ, ಮೇಲಿನ ತಮ್ಮ ಹೇಳಿದ್ದು ದಿನದಿಂದ ದಿನಕ್ಕೆ ಆಗುವ ಬದಲಾವಣೆಗೆ ಸರಿ. ನಿಮ್ಮದು ಹಾಗಲ್ಲ. ಒಂದೇ ಬೆಳಗ್ಗೆ, ಜಾಗ ಬದಲಿಸಿದಾಗ ಒಂದೂವರೆ ಕೆಜಿ ಬಂದಿದೆ ಅಂದರೆ ಅದು ಮೈಯದ್ದಲ್ಲ, ಮಷೀನು ಮತ್ತು ನೆಲದ್ದು. ನಮ್ಮದು ತೂಕದ ಮಷೀನ್ ರಿಪೇರಿ ಅಂಗಡಿ. ಕಿರಾಣಿ ಅಂಗಡಿಯ ಕೌಂಟರ್ ಮಷೀನಿನಿಂದ ಎಪಿಎಂಸಿಯ ಪ್ಲಾಟ್‌ಫಾರ್ಮ್ ಮಷೀನ್ ತನಕ ಎಲ್ಲ ಬರುತ್ತವೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಈ ಅಂಕಿಗೆ ಬೆಲೆ ಇದೆ.

ಮಷೀನನ್ನು ಬಟ್ಟೆ ಹಾಸಿ ಮಗುಚಿ ನೋಡಿ. ನಾಲ್ಕು ಮೂಲೆಗೆ ನಾಲ್ಕು ಕಾಲು ಇರುತ್ತವೆ. ಒಂದೊಂದು ಕಾಲಿನ ಒಳಗೂ ಒಂದು ಚಿಕ್ಕ ಉಕ್ಕಿನ ಪಟ್ಟಿ. ಅದಕ್ಕೆ ಲೋಹದ ತೆಳು ಎಳೆಯೊಂದನ್ನು ಅಂಟಿಸಿರುತ್ತಾರೆ, ಸ್ಟ್ರೇನ್ ಗೇಜ್ ಅಂತಾರೆ. ಭಾರ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎಳೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ, ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಬದಲಾಗುತ್ತದೆ. ಪೂರ್ತಿ ಭಾರ ಹೊತ್ತಾಗಲೂ ಆ ಬದಲಾವಣೆ ಸಾವಿರಕ್ಕೆ ಒಂದೆರಡು ಪಾಲು ಅಷ್ಟೇ. ಒಳಗಿನ ಸರ್ಕ್ಯೂಟು ನಾಲ್ಕೂ ಕಾಲಿನದನ್ನು ಕೂಡಿಸಿ ಒಂದು ಅಂಕಿ ಮಾಡುತ್ತದೆ. ಇಷ್ಟು ಸಣ್ಣ ಬದಲಾವಣೆ ಅಳೆಯುವ ಸಾಮಾನಿಗೆ ಒಂದು ಮರಳಿನ ಕಾಳು ಸಾಕು, ಲೆಕ್ಕ ಕೆಡಿಸಲು.

ಈಗ ನಿಮ್ಮ ಬಚ್ಚಲಿನ ವಿಷಯ. ಬಚ್ಚಲ ನೆಲ ನೀರು ಹೋಗಲಿ ಅಂತ ಇಳಿಜಾರು ಇರುತ್ತದೆ. ಇಳಿಜಾರಿನಿಂದಲೇ ತೂಕ ಕಡಿಮೆ ಬರುತ್ತದೆ ಅಂತ ಜನ ಹೇಳುತ್ತಾರೆ. ಅದು ತೀರಾ ಕಡಿಮೆ. ಐವತ್ತು ಅಡಿಗೆ ಒಂದು ಅಡಿ ಇಳಿಜಾರಿದ್ದರೆ 58 ಕೆಜಿಗೆ ಹತ್ತು ಹನ್ನೆರಡು ಗ್ರಾಂ ಅಷ್ಟೇ. ನಿಜವಾದ ತೊಂದರೆ ಏನೆಂದರೆ ಕಾಲು ನೆಲಕ್ಕೆ ಸರಿಯಾಗಿ ಕೂರುವುದಿಲ್ಲ. ಮೂರೇ ಕಾಲು ಭಾರ ಹೊತ್ತರೂ ಮೊತ್ತ ಒಂದೇ ಬರಬೇಕು ಅಂತ ಅನಿಸಬಹುದು. ಆದರೆ ಕಾಲು ಓರೆಯಾದಾಗ ಪಟ್ಟಿ ನೇರ ಬಾಗುವುದಿಲ್ಲ. ನಾಲ್ಕು ಕಾಲಿನ ಪಟ್ಟಿಗಳೂ ಅಚ್ಚಿಗೆ ಅಚ್ಚು ಒಂದೇ ಥರ ಇರುವುದಿಲ್ಲ. ಕಾಲಿನ ಸುತ್ತ ಸೋಪಿನ ಗಸಿ, ಮರಳು, ಇರುವೆ ಗೂಡು ಕೂತಿದ್ದರೆ ಇನ್ನೂ ಕಷ್ಟ. ಭಾರದಲ್ಲಿ ಒಂದು ಪಾಲು ಪಟ್ಟಿಯನ್ನು ಬಿಟ್ಟು ಪ್ಲಾಸ್ಟಿಕ್ಕಿನ ಮೂಲಕ ಸೀದಾ ನೆಲಕ್ಕೆ ಇಳಿಯುತ್ತದೆ. ಆ ಪಾಲು ಮಷೀನಿಗೆ ಗೊತ್ತೇ ಆಗುವುದಿಲ್ಲ, ತೂಕ ಕಡಿಮೆ ತೋರಿಸುತ್ತದೆ. ಮ್ಯಾಟ್ ಮೇಲೆ ಇಟ್ಟಾಗಲೂ ಇದೇ ಕಥೆ. ಕಾಲು ಮ್ಯಾಟಿನಲ್ಲಿ ಹೂತು ಮಷೀನಿನ ಹೊಟ್ಟೆ ತಾಗುತ್ತದೆ.

ಇನ್ನು ಗೋಡೆಗೆ ಒರಗಿಸಿ ಇಡುವುದು. ಈಗಿನ ಮಷೀನುಗಳಲ್ಲಿ ಬಟನ್ ಇರುವುದಿಲ್ಲ, ಹತ್ತಿದ ಕೂಡಲೇ ತೂಕ ಬರುತ್ತದೆ. ಅದು ಹೇಗೆಂದರೆ, ಹಿಂದಿನ ಸಲ ಖಾಲಿ ಇದ್ದಾಗಿನ ಸೊನ್ನೆಯನ್ನು ನೆನಪಿಟ್ಟುಕೊಂಡು ಅದರಿಂದ ಲೆಕ್ಕ ಹಾಕುತ್ತದೆ. ಎತ್ತಿ ನಿಲ್ಲಿಸಿದರೆ, ಬೇರೆ ಕಡೆ ಒಯ್ದರೆ ಆ ಹಳೇ ಸೊನ್ನೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಜಾಗ ಬದಲಿಸಿದ ಮೇಲಿನ ಮೊದಲ ಅಂಕಿಯನ್ನು ಬರೆಯಲೇಬೇಡಿ. ಕಾಲಿನಿಂದ ಒಮ್ಮೆ ಒತ್ತಿ ಬಿಡಿ, 0.0 ಬಂದು ತಾನಾಗಿ ಆರಿ ಹೋಗಲಿ. ಆಮೇಲೆ ಅಪ್ಪನವರನ್ನು ಹತ್ತಿಸಿ.

ಶಾಲಿನ ವಿಷಯ ಕೇಳಿದ್ದು ಒಳ್ಳೆಯದಾಯಿತು. ಬಹಳ ಮಷೀನುಗಳಲ್ಲಿ ಒಂದು ಏರ್ಪಾಡು ಇರುತ್ತದೆ: ಹೊಸ ತೂಕ ಹಿಂದಿನ ತೂಕಕ್ಕೆ ತೀರಾ ಹತ್ತಿರ ಇದ್ದರೆ ಹಳೇ ಅಂಕಿಯನ್ನೇ ಮತ್ತೆ ತೋರಿಸುತ್ತದೆ. ನೋಡುವವರಿಗೆ ಮಷೀನು ಬಹಳ ಕರಾರುವಾಕ್ಕು ಅನಿಸಲಿ ಅಂತ ಹಾಗೆ ಮಾಡಿರುತ್ತಾರೆ. ನನಗಿದು ಸ್ವಲ್ಪವೂ ಸರಿ ಕಾಣುವುದಿಲ್ಲ. ಇನ್ನೂರು ಮುನ್ನೂರು ಗ್ರಾಂ ಬದಲಾವಣೆಯನ್ನು ಮುಚ್ಚಿಟ್ಟು, ಆ ಗಡಿ ದಾಟಿದಾಗ ಒಮ್ಮೆಗೇ ಜಿಗಿಯುತ್ತದೆ. ಕಾಯಿಲೆಯವರ ಮನೆಯಲ್ಲಿ ಇದು ಒಳ್ಳೆಯದಲ್ಲ.

ಎಲ್ಲಕ್ಕೂ ಒಂದೇ ಪರೀಕ್ಷೆ ಹೇಳುತ್ತೇನೆ. ಒಡೆಯದ 25 ಕೆಜಿ ಅಕ್ಕಿ ಚೀಲ ಒಂದು ಇಟ್ಟುಕೊಳ್ಳಿ. ಗಟ್ಟಿ ನೆಲದ ಮೇಲೆ ಮಷೀನಿಟ್ಟು, ಸೊನ್ನೆ ಬರಿಸಿ, ಚೀಲವನ್ನು ನಡುವೆ ನಿಲ್ಲಿಸಿ. ಮಲಗಿಸಬೇಡಿ. ಅಂಚು ನೆಲಕ್ಕೆ ತಾಗುತ್ತದೆ, ಅಂಕಿಯೂ ಕಾಣುವುದಿಲ್ಲ. ಬಂದದ್ದನ್ನು ಬರೆದುಕೊಳ್ಳಿ. ಆಮೇಲೆ ಅಪ್ಪನವರು ಹತ್ತಲಿ. ಅವರು ಇಳಿದ ಮೇಲೆ ಮತ್ತೆ ಚೀಲ. ಎರಡು ಸಲವೂ ಚೀಲ 25.1 ಬಂದರೆ ನಡುವೆ ಬಂದ ಅಪ್ಪನವರ ತೂಕ ನಂಬಬಹುದು. 25.1 ಒಮ್ಮೆ, 25.9 ಒಮ್ಮೆ ಬಂದರೆ ಆವತ್ತಿನ ಅಂಕಿ ಬಿಟ್ಟುಬಿಡಿ. ಚೀಲ ಇಟ್ಟಾಗ ಹಳೇ ತೂಕದ ನೆನಪೂ ಅಳಿಸಿ ಹೋಗುತ್ತದೆ, ಶಾಲಿನ ಸಮಸ್ಯೆಯೂ ತೀರುತ್ತದೆ. ಚೀಲ ಎರಡೂ ಸಲ 25.6 ಬಂದರೂ ಗಾಬರಿ ಬೇಡ. ನಿಮಗೆ ಬೇಕಾದ್ದು ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ. ಪ್ರತಿ ಸಲ ಒಂದೇ ಥರ ತೋರಿಸುವ ಮಷೀನು ಸ್ವಲ್ಪ ಜಾಸ್ತಿ ತೋರಿಸಿದರೂ ನಡೆಯುತ್ತದೆ.

ಅಂಗಡಿಯವರ ಮಷೀನಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಮುದ್ರೆ ಬೇಕು, ವರ್ಷಾ ವರ್ಷಾ ತಪಾಸಣೆ ಆಗಬೇಕು. ಮನೆಯ ಮಷೀನಿಗೆ ಯಾರೂ ಮುದ್ರೆ ಹಾಕಲು ಬರುವುದಿಲ್ಲ. ಆ ಕೆಲಸ ಅಕ್ಕಿ ಚೀಲವೇ ಮಾಡಬೇಕು.

ಡಯಾಲಿಸಿಸ್ ಸಿಸ್ಟರ್

ಅಣ್ಣ ಹೇಳಿದ ಚೀಲದ ಉಪಾಯ ನಮ್ಮ ಪೇಷಂಟ್‌ಗಳಿಗೂ ಹೇಳುತ್ತೇನೆ. ನಾನು ಡಯಾಲಿಸಿಸ್ ವಾರ್ಡಿನಲ್ಲಿ ಇರುವವಳು, ಈ ಅಂಕಿಗೆ ಯಾಕೆ ಇಷ್ಟು ಮಹತ್ವ ಅಂತ ಹೇಳುತ್ತೇನೆ.

ಪೇಷಂಟ್ ಬಂದ ಕೂಡಲೇ ತೂಕ ನೋಡುತ್ತೇವೆ. ಅದರಲ್ಲಿ ಡ್ರೈ ವೇಟ್ ಕಳೆಯುತ್ತೇವೆ. ಕೊನೆಯಲ್ಲಿ ರಕ್ತ ವಾಪಸ್ ಕೊಡುವಾಗ ಒಳಗೆ ಹೋಗುವ ಸಲೈನ್, ಮಧ್ಯೆ ಕುಡಿಯುವ ಟೀ, ಇವನ್ನು ಕೂಡಿಸುತ್ತೇವೆ. ಅಷ್ಟು ನೀರು ತೆಗೆಯಲು ಡಯಾಲಿಸಿಸ್ ಮಷೀನಿಗೆ ಹೇಳುತ್ತೇವೆ. ಜಾಸ್ತಿ ತೆಗೆದರೆ ಬಿಪಿ ಬೀಳುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಕಡಿಮೆ ತೆಗೆದರೆ ರಾತ್ರಿ ಉಸಿರು ಕಟ್ಟುತ್ತದೆ. ವೇಗಕ್ಕೂ ಮಿತಿ ಇದೆ. ದೇಹದ ಒಂದು ಕೆಜಿಗೆ ಗಂಟೆಗೆ 13 ಎಂಎಲ್ ದಾಟಿದರೆ ಹೃದಯಕ್ಕೆ ಒಳ್ಳೆಯದಲ್ಲ ಅಂತ ನೋಡಿಕೊಳ್ಳುತ್ತೇವೆ. 58 ಕೆಜಿಯವರಿಗೆ ಗಂಟೆಗೆ ಮುಕ್ಕಾಲು ಲೀಟರ್, ನಾಲ್ಕು ಗಂಟೆಗೆ ಮೂರು ಲೀಟರ್ ಆಯಿತು. ನಿಮ್ಮ ಅಪ್ಪಯ್ಯ ಎರಡು ಕೆಜಿ ಒಳಗೆ ಬಂದರೆ ನಮಗೂ ಅವರಿಗೂ ಆರಾಮ.

ನೀರು ತೆಗೆಯುವ ಲೆಕ್ಕಕ್ಕೆ ಆಸ್ಪತ್ರೆಯ ಮಷೀನಿನ ಅಂಕಿಯನ್ನೇ ಹಿಡಿಯುತ್ತೇವೆ, ಮನೆಯದ್ದನ್ನಲ್ಲ. ಆ ಭಯ ಬೇಡ. ಆದರೆ ಎರಡಕ್ಕೂ ಹೊಂದಿಸಿಕೊಳ್ಳಿ. ಡಯಾಲಿಸಿಸ್ ಮುಗಿಸಿ ಮನೆಗೆ ಬಂದ ಕೂಡಲೇ, ಏನೂ ತಿನ್ನುವ ಕುಡಿಯುವ ಮೊದಲು, ಅದೇ ಬಟ್ಟೆಯಲ್ಲಿ ಮನೆಯ ಮಷೀನಿನ ಮೇಲೆ ನಿಲ್ಲಿಸಿ. ಅಲ್ಲಿ 58.0, ಇಲ್ಲಿ 58.6 ಬಂತು ಅನ್ನಿ. ನಿಮ್ಮ ಮನೆಯ ಲೆಕ್ಕದಲ್ಲಿ ಡ್ರೈ ವೇಟ್ 58.6.

ಮಜ್ಜಿಗೆ ಬಗ್ಗೆ: ಒಂದು ಲೋಟ 200 ಎಂಎಲ್, ಅಂದರೆ ಹೆಚ್ಚುಕಡಿಮೆ 200 ಗ್ರಾಂ. ಮೂತ್ರ ಕಡಿಮೆ ಆದವರಲ್ಲಿ ಅದರ ಬಹುಪಾಲು ಒಳಗೇ ಉಳಿಯುತ್ತದೆ. ನೀವು ನೋಡಿದ ಒಂದೂವರೆ ಕೆಜಿ ವ್ಯತ್ಯಾಸ ನಿಜವಾಗಿದ್ದರೆ ಏಳೆಂಟು ಲೋಟ ಕುಡಿದಿರಬೇಕಿತ್ತು. ಸಾರು, ಗಂಜಿ, ಕಲ್ಲಂಗಡಿ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಮಜ್ಜಿಗೆಯಲ್ಲಿ ಪೊಟ್ಯಾಶಿಯಂ, ಫಾಸ್ಫರಸ್ ಇರುವುದರಿಂದ ಎಷ್ಟು ಕೊಡಬೇಕು ಅಂತ ನಿಮ್ಮ ಡಾಕ್ಟರನ್ನೋ ಡಯಟಿಷಿಯನ್‌ರನ್ನೋ ಕೇಳಿಯೇ ಕೊಡಿ. ನೀರಿಗಿಂತ ಮೊದಲು ಉಪ್ಪು ಹಿಡಿತಕ್ಕೆ ಬರಲಿ. ಒಂದು ಲೀಟರ್ ಸಲೈನ್‌ನಲ್ಲಿ ಇರುವುದು 9 ಗ್ರಾಂ ಉಪ್ಪು. ಅಷ್ಟು ಉಪ್ಪು ಒಳಗೆ ಹೋದರೆ ಸುಮಾರು ಒಂದು ಲೀಟರ್ ನೀರು ಕುಡಿಯುವ ತನಕ ಬಾಯಾರಿಕೆ ಬಿಡುವುದಿಲ್ಲ. ಉಪ್ಪಿನಕಾಯಿ, ಸಂಡಿಗೆ ನಿಲ್ಲಿಸಿದ ಮನೆಗಳಲ್ಲಿ "ನೀರು ಕೊಡಿ" ಅನ್ನೋ ಜಗಳವೇ ಕಡಿಮೆ ಆಗುತ್ತದೆ.

ಎರಡು ಮಾತು ಮರೆಯಬೇಡಿ. ಮಲಗಿದರೆ ಉಸಿರಾಡಲು ಕಷ್ಟ, ಪಾದ ಊದಿದೆ ಅನಿಸಿದರೆ ಮಷೀನು ಏನೇ ತೋರಿಸಲಿ, ಮುಂದಿನ ಡಯಾಲಿಸಿಸ್ ತನಕ ಕಾಯದೆ ಆಸ್ಪತ್ರೆಗೆ ಬನ್ನಿ. ಇನ್ನೊಂದು, ಊಟ ಸೇರದೆ ಮೈ ಇಳಿಯುತ್ತಿದ್ದರೆ ಮಾಂಸ ಕರಗಿದ ಜಾಗದಲ್ಲಿ ನೀರು ಬಂದು ಕೂರುತ್ತದೆ. ಆಗ ತೂಕ ಅಷ್ಟೇ ಇರುತ್ತದೆ, ನೀರು ಮಾತ್ರ ಜಾಸ್ತಿ. ಊಟ ಕಡಿಮೆ ಆಗಿದೆ ಅಂತ ಡಾಕ್ಟರಿಗೆ ಹೇಳಿ, ಡ್ರೈ ವೇಟ್ ಮತ್ತೆ ನೋಡುತ್ತಾರೆ.

ಸಾಗರದ ಮಗಳು

ಅಣ್ಣಾ, ಸಿಸ್ಟರ್, ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮಗುಚಿ ನೋಡಿದೆ. ಒಂದು ಕಾಲಿನ ರಬ್ಬರ್ ಬಿಲ್ಲೆ ಇರಲೇ ಇಲ್ಲ. ಅದರ ಪಕ್ಕದ ಕಾಲಿನ ಸುತ್ತ ಬೂದು ಬಣ್ಣದ ಗಸಿ ಗಟ್ಟಿಯಾಗಿ ಕೂತಿತ್ತು, ಉಗುರಿಗೆ ಬರಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಆ ಕಾಲು ಈಗ ಬೆರಳಲ್ಲಿ ಒತ್ತಿದರೆ ಸ್ವಲ್ಪ ಅಲುಗಾಡುತ್ತದೆ, ಮೊದಲು ಅಲುಗಾಡುತ್ತಿರಲಿಲ್ಲ. ನಡುಮನೆಯ ಗ್ರಾನೈಟ್ ಮೇಲೆ ಇಟ್ಟು ಇವತ್ತು ನೋಡಿದೆ: ಚೀಲ 25.2, ಅಪ್ಪಯ್ಯ 60.1, ಮತ್ತೆ ಚೀಲ 25.2. ಇವತ್ತು ಗುರುವಾರ, ನಾಳೆ ಡಯಾಲಿಸಿಸ್ ಇದೆ.

ರಬ್ಬರ್ ಬಿಲ್ಲೆಗೆ ಏನು ಮಾಡಲಿ? ಇನ್ನೊಂದು, ಅಪ್ಪಯ್ಯನಿಗೆ ತಲೆ ಸುತ್ತುವ ಭಯ. ಹತ್ತುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ, ಕೈ ಬಿಡಿ ಅಂದರೆ ಪೂರ್ತಿ ಬಿಡುವುದಿಲ್ಲ.

ತಕ್ಕಡಿ ರಿಪೇರಿ, ದಾವಣಗೆರೆ

ಒಳ್ಳೆಯದಾಯಿತು ತಂಗೀ. ಒತ್ತಿದರೆ ಕಾಲು ಸ್ವಲ್ಪ ಅಲುಗಾಡಲೇಬೇಕು, ಅದೇ ಸರಿ.

ಬಿಲ್ಲೆ ಒಂದನ್ನೇ ಹಾಕಬೇಡಿ, ನಾಲ್ಕೂ ತೆಗೆದು ಒಂದೇ ದಪ್ಪದ್ದು ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕುರ್ಚಿ ಕಾಲಿಗೆ ಅಂಟಿಸುವ ಗಟ್ಟಿ ರಬ್ಬರ್ ಸಿಗುತ್ತದೆ. ಕಾಲಿನ ಅಗಲಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಅಂಚು ಹೊರಗೆ ಬಂದರೆ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಮೆತ್ತನೆಯ ಸ್ಪಂಜು ಬೇಡವೇ ಬೇಡ. ಅಂಟಿಸಿದ ಮೇಲೆ ಚೀಲದ ಪರೀಕ್ಷೆ ಮತ್ತೆ ಮಾಡಿ, ಅಂಕಿ ಸ್ವಲ್ಪ ಬದಲಾಗಿರಬಹುದು. ಹಾಗಾದರೆ ಸಿಸ್ಟರ್ ಹೇಳಿದಂತೆ ಆಸ್ಪತ್ರೆಯ ತೂಕಕ್ಕೆ ಹೊಸದಾಗಿ ಹೊಂದಿಸಿಕೊಳ್ಳಿ.

ಚೌಕಟ್ಟು ಹಿಡಿದುಕೊಳ್ಳುವುದರಿಂದಲೂ ನಿಮ್ಮ ಅಂಕಿ ಕುಣಿದಿರಬಹುದು. ಬೆರಳು ಊರಿದರೂ ಅಷ್ಟು ಭಾರ ಗೋಡೆಗೆ ಹೋಗುತ್ತದೆ, ಚೌಕಟ್ಟನ್ನು ಮೇಲಕ್ಕೆ ಎಳೆದು ಹಿಡಿದರೆ ಜಾಸ್ತಿ ಬರುತ್ತದೆ. ಆದರೆ ಬೀಳುವುದಕ್ಕಿಂತ ತಪ್ಪು ಅಂಕಿ ವಾಸಿ. ಚೌಕಟ್ಟಿನ ಹತ್ತಿರವೇ ಮಷೀನಿಡಿ. ಹಿಡಿದುಕೊಂಡೇ ಹತ್ತಲಿ. ನೀವು ಹಿಂದೆ ನಿಂತು, ಮೈಗೆ ತಾಗದ ಹಾಗೆ ಎರಡೂ ಕೈ ಚಾಚಿರಿ. ಸಮತೋಲ ಬಂದ ಮೇಲೆ ಅವರು ಎದುರು ನೋಡುತ್ತಾ ಕೈ ಬಿಡಲಿ. ಅಂಕಿ ಓದುವ ಕೆಲಸ ನಿಮ್ಮದು, ಅವರು ಬಗ್ಗಿ ನೋಡುವುದು ಬೇಡ. ಅಂಕಿ ಕುಣಿಯುವುದು ನಿಂತು ಒಂದು ಕಡೆ ಕೂತರೆ ಸಾಕು, ಎರಡು ಮೂರು ಸೆಕೆಂಡಿನ ಮಾತು.

ಡಯಾಲಿಸಿಸ್ ಸಿಸ್ಟರ್

ಮಂಗಳವಾರ 58ಕ್ಕೆ ಇಳಿಸಿ ಕಳಿಸಿದ್ದರೆ ಗುರುವಾರಕ್ಕೆ 60.1 ಸ್ವಲ್ಪ ಜಾಸ್ತಿಯೇ, ಆದರೆ ಮನೆಯ ಮಷೀನಿನ ವ್ಯತ್ಯಾಸ ಎಷ್ಟು ಅಂತ ಇನ್ನೂ ಗೊತ್ತಿಲ್ಲ ಅಲ್ವಾ. ಇವತ್ತು ರಾತ್ರಿ ಗಂಜಿ ಬದಲು ಚಪಾತಿ, ಉಪ್ಪು ಕಡಿಮೆ ಹಾಕಿದ ಪಲ್ಯ ಕೊಡಿ. ನಾಳೆ ಹೊರಡುವ ಮೊದಲು ಮನೆಯಲ್ಲಿ ಒಂದು ಸಲ ತೂಕ ನೋಡಿಕೊಂಡು, ಪುಸ್ತಕ ತಗೊಂಡು ಬನ್ನಿ. ವಾರ್ಡಿನ ಮಷೀನಿನ ಅಂಕಿಯನ್ನು ಪಕ್ಕದಲ್ಲೇ ಬರೆಯಲು ಅಲ್ಲಿನ ಸಿಸ್ಟರಿಗೆ ಹೇಳಿ.