ಅಪ್‌ಡೇಟ್: ತುಕ್ಕು ಹಿಡಿದ ಗ್ರಿಲ್ ಜಾಲರಿ
ಜಯನಗರದ ನಮ್ಮ ತಾರಸಿಯಲ್ಲಿ ಮಳೆಗಾಲ ಕಳೆದ ಇದ್ದಿಲಿನ ಗ್ರಿಲ್‌ಗೆ ಜಿಡ್ಡು, ತುಕ್ಕು ಹಿಡಿದಿದೆ, ತಂತಿ ಬ್ರಷ್‌ನಿಂದ ಉಜ್ಜಬಹುದೇ ಎಂದು ಕೇಳಿದ್ದೆ. ಬೇಡ ಎಂದವರಿಗೆ ವಂದನೆಗಳು. ಕಿತ್ತುಬಂದ ತಂತಿಯ ಎಳೆ ಜಾಲರಿಗೆ ಅಂಟಿಕೊಂಡರೆ ಮಾಂಸದೊಡನೆ ಗಂಟಲಿಗೇ ಇಳಿಯಬಹುದು. ನಮ್ಮ ಬ್ರಷ್ ಆಗಲೇ ಅರ್ಧ ಬೋಳಾಗಿತ್ತು. ಬದಲಿಗೆ ಜಾಲರಿಯನ್ನು ಕೆಂಡದ ಮೇಲೆ ಚೆನ್ನಾಗಿ ಕಾಯಿಸಿ, ಜಿಡ್ಡು ಸುಟ್ಟು ಪುಡಿಯಾದ ಮೇಲೆ, ಇಕ್ಕಳದಲ್ಲಿ ಹಿಡಿದ ಅಲ್ಯೂಮಿನಿಯಂ ಹಾಳೆಯ ಉಂಡೆಯಿಂದ ತಿಕ್ಕಿದೆ. ತಣಿದ ಬಳಿಕ ಸೋಪಿನ ನೀರು, ತೆಂಗಿನ ನಾರು, ಒಣಬಟ್ಟೆ, ಕೊನೆಗೆ ತೆಳುವಾಗಿ ಕಡಲೆಕಾಯಿ ಎಣ್ಣೆ. ತುಕ್ಕು ಬಹುಪಾಲು ಹೋಯಿತು.

ತಳದ ಬೂದಿಯೇ ನಿಜವಾದ ಖಳನಾಯಕ: ತೇವ ಹೀರಿ ಲೋಹವನ್ನು ತಿನ್ನುತ್ತದೆ. ಈಗ ಪೂರ್ತಿ ಆರಿದ ಮೇಲೆ ತಗಡಿನ ಡಬ್ಬಕ್ಕೆ ತೆಗೆಯುತ್ತೇನೆ. ಮಳೆ ಬಂದರೆ ಮುಚ್ಚಿದ ಬಾಲ್ಕನಿಯಲ್ಲಿ ಹಚ್ಚಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೂ ಗೊತ್ತಾಗುವುದಿಲ್ಲ.