ಕ್ಷುದ್ರಗ್ರಹದ ಬಾಳುವೆಗೆ ‘ವಸಾಹತು’ ಬೇಕೆ? ‘ಒಕ್ಕಲು’ ಹೊಂದುತ್ತದೆಯೇ?

ಗೆಳೆಯರೇ, ನಮಸ್ಕಾರ.

ಕ್ಷುದ್ರಗ್ರಹಗಳಲ್ಲಿ (ಸೂರ್ಯನನ್ನು ಸುತ್ತುವ ಸಣ್ಣ ಕಲ್ಲಿನ ಕಾಯಗಳಲ್ಲಿ) ಮನುಷ್ಯರು ಬಾಳಲು ಆಗುತ್ತದೆಯೇ ಎಂದು ಹೈಸ್ಕೂಲು ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿ ಇದಕ್ಕೆ ‘ವಸಾಹತು’ ಎಂಬ ಪದವೇ ಜಾಸ್ತಿ. ನನಗದು ಹಿಡಿಸುತ್ತಿಲ್ಲ. ವಸಾಹತು ಅಂದ ಕೂಡಲೇ ಬ್ರಿಟಿಷರ ಆಳ್ವಿಕೆ, ಇದ್ದವರ ನೆಲ ಕಿತ್ತುಕೊಂಡ ಕತೆ ನೆನಪಾಗುತ್ತದೆ. ಅಲ್ಲಿ ಕಿತ್ತುಕೊಳ್ಳಲು ಯಾರ ನೆಲವೂ ಇಲ್ಲವಲ್ಲ!

‘ಕ್ಷುದ್ರಗ್ರಹದ ಮೇಲೆ ನೆಲೆಸುವುದು’ ಅನ್ನೋಣವೇ? ನೆಲೆಸು ಚಂದದ ಪದ. ತೊಡಕಿರುವುದು ‘ಮೇಲೆ’ಯಲ್ಲಿ. ‘ಬೆನ್ನು’ ಎಂಬ ಕ್ಷುದ್ರಗ್ರಹವನ್ನು ನೋಡಿ (ಇದು ಈಜಿಪ್ಟಿನ ಪುರಾಣದ ಹಕ್ಕಿಯ ಹೆಸರು). ಅದರ ಅಗಲ ಸುಮಾರು 500 ಮೀಟರ್. ಸೆಳೆತ ಎಷ್ಟು ಕಮ್ಮಿ ಅಂದರೆ, ಸುಮ್ನೆ ಒಂದು ಸಲ ನೆಗೆದರೆ ಸಾಕು, ಮತ್ತೆ ಕೆಳಗೆ ಬರುವುದೇ ಇಲ್ಲ. ನೆಲವೂ ಗಟ್ಟಿಯಿಲ್ಲ, ಸಡಿಲ ಕಲ್ಲಿನ ರಾಶಿ. 2020ರಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ಮಾದರಿ ತೆಗೆಯಲು ತೋಳು ಚಾಚಿದಾಗ ಅದು ಒಳಕ್ಕೆ ಹೂತುಕೊಂಡಿತು. ಇಂಥ ಕಡೆ ಮನೆ ಕಟ್ಟಿ ಓಡಾಡುವುದು ಆಗದ ಮಾತು.

ಕ್ಷುದ್ರಗ್ರಹಗಳ ನಡುವೆ ಇರುವ ಸೀರಿಸ್ ದೊಡ್ಡದು, 940 ಕಿ.ಮೀ. ಅಡ್ಡಳತೆ. 2006ರಿಂದ ಅದನ್ನು ಕುಬ್ಜ ಗ್ರಹ ಅನ್ನುತ್ತಾರೆ. ಅಲ್ಲೂ 60 ಕೆಜಿಯವರು ಎರಡು ಕೆಜಿ ಕೂಡ ತೂಗುವುದಿಲ್ಲ. ತೂಕವಿಲ್ಲದೆ ಬಹಳ ಕಾಲ ಇದ್ದರೆ ಮೂಳೆ ಸವೆಯುತ್ತದೆ. ಹಾಗಾಗಿ ಫಿನ್ಲೆಂಡಿನ ವಿಜ್ಞಾನಿ ಪೆಕ್ಕಾ ಯಾನ್ಹುನೆನ್ ಬೇರೆಯೇ ದಾರಿ ಸೂಚಿಸಿದರು. ಜನ ಸೀರಿಸ್ಸನ್ನು ಸುತ್ತುವ ದೊಡ್ಡ ಕಟ್ಟಡಗಳಲ್ಲಿ ಇರಬೇಕು. ಅವು ತಮ್ಮಷ್ಟಕ್ಕೆ ತಿರುಗುತ್ತಾ ಭೂಮಿಯಷ್ಟೇ ತೂಕದ ಅನುಭವ ಕೊಡುತ್ತವೆ. ಕಟ್ಟಲು ಬೇಕಾದ ಸಾಮಗ್ರಿ, ಗಾಳಿಗೆ ನೈಟ್ರೋಜನ್ ಎಲ್ಲ ಸೀರಿಸ್‌ನಿಂದ ಮೇಲೆತ್ತಿ ತರಬೇಕು. ಅಂದರೆ ಬದುಕು ಅದರ ಸುತ್ತ, ಅದನ್ನೇ ನಂಬಿಕೊಂಡು.

ಇದಕ್ಕೆ ‘ಒಕ್ಕಲು’ ಹೊಂದುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುತ್ತಾರೆ. ಒಕ್ಕಲುತನ ಎಂದರೆ ಬೇಸಾಯ, ಅಲ್ಲಿ ಹೋದವರು ಬೆಳೆಯನ್ನೂ ಬೆಳೆದುಕೊಳ್ಳಲೇಬೇಕು ಅಲ್ವಾ? ಪತ್ರಿಕೆಗಳಲ್ಲಿ ಮಾತ್ರ ಈ ಪದ ಹೆಚ್ಚಾಗಿ ಕಾಣುವುದು ‘ಒಕ್ಕಲೆಬ್ಬಿಸು’ ಎಂಬ ನೋವಿನ ಮಾತಿನಲ್ಲಿ. ಗೇಣಿ ಒಕ್ಕಲಿನ ನೆನಪೂ ಹಲವರಿಗೆ ಇದ್ದೀತು.

‘ಸೀರಿಸ್ ಸುತ್ತ ಒಕ್ಕಲಾಗುವುದು’ ಎಂದು ಬರೆದರೆ ನಿಮ್ಮ ಊರಿನ ಕಡೆಯ ಮಕ್ಕಳಿಗೆ ಅರ್ಥವಾಗುತ್ತದೆಯೇ? ಉತ್ತರ ಕರ್ನಾಟಕದಲ್ಲಿ ‘ಒಕ್ಕಲು’ ಕೇಳಿದರೆ ಮೊದಲು ಏನು ಹೊಳೆಯುತ್ತದೆ? ಆ ಕಡೆಯವರು ದಯವಿಟ್ಟು ಬರೆಯಿರಿ.