ಪದಚರ್ಚೆ: ದರ್ಭೆಯ ನಮೂದಿನಲ್ಲಿ ‘ವಿತರಣೆ’, ‘ಕನಿಷ್ಠ ಕಾಳಜಿ’

ಪ್ರಶ್ನೆ: ಆತ್ಮೀಯರೇ, ಸಸ್ಯಕೋಶವೊಂದಕ್ಕೆ ಹುಲ್ಲುಗಳ ನಮೂದು ಸಿದ್ಧವಾಗುತ್ತಿದೆ. ಸದ್ಯ ದರ್ಭೆಯ ಸರದಿ. ‘ಡಿಸ್ಟ್ರಿಬ್ಯೂಷನ್’ಗೆ ವಿತರಣೆ, ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಕೆಂಪು ಪಟ್ಟಿಯ ‘ಲೀಸ್ಟ್ ಕನ್ಸರ್ನ್’ ವರ್ಗಕ್ಕೆ ಕನಿಷ್ಠ ಕಾಳಜಿ ಎಂದು ಕರಡಿನಲ್ಲಿದೆ. ಓದುವಾಗ ಎರಡೂ ಕಸಿವಿಸಿ ಮಾಡುತ್ತವೆ. ಬೇರೆ ಪದಗಳಿವೆಯೇ?

ಉತ್ತರ: ಕಸಿವಿಸಿ ಸಹಜವೇ. ವಿತರಣೆ ಎಂದರೆ ಯಾರೋ ನಿಂತು ಹಂಚಬೇಕು, ಪಡಿತರದ ಹಾಗೆ. ಹುಲ್ಲು ತಾನೇ ಹರಡುತ್ತದೆ, ‘ಹರವು’ ಸಾಕು.

‘ಕಾಳಜಿ’ಯದು ಇನ್ನೂ ಸೂಕ್ಷ್ಮ. ಮರಾಠಿಯಲ್ಲಿ ಈ ಪದಕ್ಕೆ ಚಿಂತೆ, ಆರೈಕೆ ಎರಡೂ ಅರ್ಥಗಳಿವೆ. ಧಾರವಾಡದ ಕಡೆ ‘ಕಾಳಜಿ ಮಾಡಬ್ಯಾಡ್ರಿ’ ಎಂದರೆ ಚಿಂತಿಸಬೇಡಿ ಎಂದೇ. ಮೈಸೂರಿನ ಕಡೆಯವರಿಗೆ ಕಾಳಜಿ ಎಂದರೆ ಮುತುವರ್ಜಿಯಿಂದ ನೋಡಿಕೊಳ್ಳುವುದು. ಅವರು ‘ಕನಿಷ್ಠ ಕಾಳಜಿ’ಯನ್ನು ‘ಯಾರೂ ಗಮನ ಕೊಡದ ಗಿಡ’ ಎಂದು ಓದುತ್ತಾರೆ, ಅರ್ಥ ತಲೆಕೆಳಗಾಗುತ್ತದೆ. ‘ಅಳಿವಿನ ಆತಂಕ ಕನಿಷ್ಠ’ ಎನ್ನಿ. ‘ಆತಂಕವಿಲ್ಲ’ ಎಂದು ಮಾತ್ರ ಬೇಡ. ಮಾನದಂಡಗಳಿಗೆ ಒರೆಹಚ್ಚಿ ನೋಡಿದಾಗ ಅಪಾಯದ ವರ್ಗಗಳಿಗಾಗಲಿ ಅಪಾಯದಂಚಿನ ವರ್ಗಕ್ಕಾಗಲಿ ಸೇರಲಿಲ್ಲ ಎಂಬುದಷ್ಟೇ ಈ ವರ್ಗದ ಅರ್ಥ. ‘ಮಾಹಿತಿ ಸಾಲದು’, ‘ಇನ್ನೂ ಪರಿಶೀಲಿಸಿಲ್ಲ’ ಎಂಬ ವರ್ಗಗಳೇ ಬೇರೆ. ಅವನ್ನು ಇದರೊಂದಿಗೆ ಬೆರೆಸಬಾರದು.

ಇದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು, ನಿಮ್ಮ ದರ್ಭೆ ಯಾವುದು ಎಂಬುದು. ಈ ಹೆಸರು ಎರಡು ಹುಲ್ಲುಗಳಿಗೆ ನಡೆಯುತ್ತದೆ: ಇಂಪೆರಾಟ ಸಿಲಿಂಡ್ರಿಕ ಮತ್ತು ಡೆಸ್ಮೊಸ್ಟಾಕಿಯ ಬೈಪಿನ್ನೇಟ. ಎರಡನೆಯದನ್ನು ಕುಶ ಎಂದೂ ಕರೆಯುತ್ತಾರೆ. ತೆನೆ ಇದ್ದರೆ ಗುರುತು ಸುಲಭ. ಇಂಪೆರಾಟದ ತೆನೆ ಬೆಳ್ಳಗೆ, ರೇಷ್ಮೆಯಂಥ ಕೂದಲಿನಿಂದ ತುಂಬಿ ಬಾಟಲಿ ತೊಳೆಯುವ ಬ್ರಷ್ಷಿನಂತಿರುತ್ತದೆ. ಡೆಸ್ಮೊಸ್ಟಾಕಿಯದ ತೆನೆಯಲ್ಲಿ ಆ ಕೂದಲಿಲ್ಲ. ಉದ್ದನೆಯ ಕಡ್ಡಿಯ ಸುತ್ತ ಗಿಡ್ಡ ಕವಲುಗಳು ಒತ್ತಾಗಿರುತ್ತವೆ. ತೆನೆ ಇಲ್ಲದಾಗ ಇಂಪೆರಾಟದ ಅಗಲವಾದ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ: ಬಿಳಿಯ ನಡುನರ ಸಾಮಾನ್ಯವಾಗಿ ಸರಿಯಾಗಿ ನಡುವಿಗಿರದೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ನೆಲ ಕೆದಕಿದರೆ ಸೂಜಿಮೊನೆಯ ಬಿಳಿ ಕಾಂಡ ಅಡ್ಡಕ್ಕೆ ಹರಿದಿರುತ್ತದೆ. ಅದರ ಚಿಕ್ಕ ತುಂಡೂ ಚಿಗುರುವುದರಿಂದ ಒಂದೇ ಸಲ ಉತ್ತು ಬಿಟ್ಟರೆ ಕಳೆ ಇನ್ನಷ್ಟು ಹಬ್ಬುತ್ತದೆ. ಬೆಂಕಿ ಕೊಟ್ಟರೂ ಮೇಲಿನದು ಸುಟ್ಟು ಕೆಳಗಿನದು ಉಳಿಯುತ್ತದೆ.

ಹರವು ಬರೆಯುವಾಗ ಮೂಲನೆಲೆಯನ್ನೂ ಆಮೇಲೆ ಹೋಗಿ ಸೇರಿದ ಜಾಗವನ್ನೂ ಒಂದೇ ಸಾಲಿನಲ್ಲಿ ಸುರಿಯಬೇಡಿ. ಇಂಪೆರಾಟ ಅಮೆರಿಕದ ಅಲಬಾಮಕ್ಕೆ ತಲುಪಿದ್ದು 1912ರ ಸುಮಾರಿಗೆ, ಜಪಾನಿನಿಂದ ಬಂದ ಕಿತ್ತಳೆ ಪೆಟ್ಟಿಗೆಗಳಿಗೆ ಹಾಸಿದ ಹುಲ್ಲಾಗಿ. ಅಲ್ಲೀಗ ಅದು ಸರ್ಕಾರವೇ ಪಟ್ಟಿ ಮಾಡಿರುವ ಹಾನಿಕಾರಕ ಕಳೆ. ‘ಹರವು: ಏಷ್ಯಾ, ಆಫ್ರಿಕಾ, ಅಮೆರಿಕ’ ಎಂದಷ್ಟೇ ಬರೆದರೆ ಈ ಭೇದ ಅಳಿಸಿಹೋಗುತ್ತದೆ.

ನಿಮ್ಮ ದರ್ಭೆ ಇಂಪೆರಾಟವಾದರೆ ಹೀಗೆ ಬರೆಯಬಹುದು:

ಮೂಲ ಹರವು: ಏಷ್ಯಾ, ಆಫ್ರಿಕಾದ ಬೆಚ್ಚನೆಯ ಪ್ರದೇಶಗಳು, ಮೆಡಿಟರೇನಿಯನ್ ತೀರ.
ಹೊರಗಿನಿಂದ ಬಂದು ನೆಲೆಯೂರಿದ್ದು: ಅಮೆರಿಕದ ಆಗ್ನೇಯ ರಾಜ್ಯಗಳು.
ಉಳಿವಿನ ಸ್ಥಿತಿ: ಕೆಂಪು ಪಟ್ಟಿಯ ವರ್ಗ, ಪಕ್ಕದಲ್ಲೇ ಅದನ್ನು ನಿರ್ಧರಿಸಿದ ವರ್ಷ.

ವರ್ಷವನ್ನು ಬಿಡಬೇಡಿ. ಮರುಪರಿಶೀಲನೆಯಲ್ಲಿ ವರ್ಗ ಬದಲಾಗಬಹುದು. ಅಲ್ಲದೆ ಅದು ಇಡೀ ಜಗತ್ತಿನ ಲೆಕ್ಕ. ಒಂದು ಜಿಲ್ಲೆಯ ಕೆರೆಯಂಗಳದಲ್ಲಿ ಅದೇ ಹುಲ್ಲು ಮರೆಯಾಗಿದ್ದರೂ ಆ ವರ್ಗದಲ್ಲಿ ಅದು ಕಾಣುವುದಿಲ್ಲ.